ದೇವರು ಸುಮ್ಮನಿದ್ದಾನೆ ಅನಿಸಿದಾಗ ಒಳಗಿನ ದಾರಿ ಕಾಣುವುದು ಹೇಗೆ?

ಶಿರಸಿ, ಸಿದ್ದಾಪುರದ ಕಡೆಯವರಿರಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರಿರಲಿ, ಓದುಗರು ಕೇಳುವ ಮಾತು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ದಿನಾ ದೀಪ ಹಚ್ಚುತ್ತೇನೆ, ದೇವರ ಮುಂದೆ ಕೂತರೆ ಮೊದಲಿನ ಹಾಗೆ ಏನೂ ಅನಿಸುವುದೇ ಇಲ್ಲ." "ತೋಟ ಮಾರಬೇಕೋ ಬೇಡವೋ, ಎಷ್ಟು ಬೇಡಿಕೊಂಡರೂ ಏನೂ ಹೊಳೆಯುತ್ತಿಲ್ಲ." "ಭವಿಷ್ಯ ಹೇಳುವವರ ಹತ್ತಿರ ಹೋಗಿ ಮೂರು ಕಡೆ ನೋಟ ನೋಡಿಸಿದೆವು, ಮೂವರೂ ಮೂರು ಥರ ಹೇಳಿದರು. ಯಾರನ್ನು ನಂಬುವುದು?"

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾಲದಲ್ಲಿ ಇಡೀ ಬದುಕಿಗೆ ಆಗುವಷ್ಟು ಉತ್ತರ ಒಟ್ಟಿಗೆ ಸಿಗುವುದು ಬಹಳ ಅಪರೂಪ. ಸಿಗುವುದು ಮುಂದಿನ ಒಂದು ಕೆಲಸಕ್ಕೆ ಬೇಕಾದಷ್ಟು. ದೊಡ್ಡ ಉತ್ತರಕ್ಕೆ ಕಾಯುತ್ತ ಕೂತವರಿಗೆ ಆ ಸಣ್ಣದು ಕಣ್ಣಿಗೇ ಬೀಳುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ಸಣ್ಣದನ್ನು ಗುರುತಿಸುವುದಕ್ಕಾಗಿಯೇ ಇವೆ.

ಮುಂದೆ ಬರುವ ಮೂರು ಪದಗಳ ಅರ್ಥ ಇಷ್ಟು. ಅಂತರ್ಯಾಮಿ ಎಂದರೆ ನಮ್ಮೊಳಗೇ ಇದ್ದು ನಡೆಸುವ ದೇವರು; ಎಲ್ಲ ಜೀವಿಗಳ ಹೃದಯದಲ್ಲಿ ಈಶ್ವರ ಇದ್ದಾನೆ ಎಂದು ಗೀತೆಯ 18ನೇ ಅಧ್ಯಾಯ ಹೇಳುವುದು ಇವನನ್ನೇ. ಪ್ರೇರಣೆ ಎಂದರೆ ಅವನಿಂದ ಬಂತು ಎಂದು ನಮಗೆ ಅನಿಸುವ ಒಳಗಿನ ಸೂಚನೆ. ಶುಷ್ಕತೆ ಎಂದರೆ ಪೂಜೆ, ಜಪ ಎಲ್ಲ ನಡೆದಿದ್ದರೂ ಮನಸ್ಸು ಒಣಗಿದ ಸ್ಥಿತಿ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಪೆನ್ನು, ದಿನಕ್ಕೆ ಇಪ್ಪತ್ತು ನಿಮಿಷ, ನಿಮ್ಮ ಮಾತು ಹೊರಗೆ ಹೇಳದ ಒಬ್ಬ ಮನುಷ್ಯ. ದುಡ್ಡು ಬೇಡ. ಮುಂದೆ ಯಾವ ಹಂತದಲ್ಲಾದರೂ ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ.

1. ಇದು ಯಾವ ಕತ್ತಲೆ ಎಂದು ಗುರುತಿಸಿ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ.

ದೇಹದಿಂದ ಶುರು ಮಾಡಿ. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಾಗಿದ್ದ ಯಾವುದೂ ಈಗ ಬೇಡ, ತಾನು ಯಾರಿಗೂ ಬೇಡದವನು ಅನಿಸುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು. ಖಿನ್ನತೆ ಒಂದು ಕಾಯಿಲೆ. ಭಕ್ತಿ ಕಡಿಮೆಯಾದ್ದಕ್ಕೆ ಸಿಕ್ಕ ಶಿಕ್ಷೆ ಅಲ್ಲವೇ ಅಲ್ಲ. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ಬಿ12 ಕೊರತೆ ಇವುಗಳಿಂದಲೂ ಮನಸ್ಸು ಮಂಕಾಗುತ್ತದೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಹೆಚ್ಚು, ನಮ್ಮ ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಇದು ಅನ್ವಯಿಸುವ ಮಾತು. ಒಂದು ರಕ್ತಪರೀಕ್ಷೆ ಮಾಡಿಸಿ. ಊರಿನ ಡಾಕ್ಟರ ಹತ್ತಿರ ಹೇಳಿಕೊಳ್ಳಲು ಸಂಕೋಚವಾದರೆ ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ 14416. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಮೊದಲು ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಹಾಗೆಯೇ, ಹೊರಗಿನಿಂದ ಯಾರೋ ಮಾತಾಡಿದಂತೆ ಕಿವಿಗೆ ಧ್ವನಿ ಕೇಳುತ್ತಿದ್ದು, ಅದು ನಿಮ್ಮನ್ನೋ ಬೇರೆಯವರನ್ನೋ ನೋಯಿಸು ಅನ್ನುತ್ತಿದ್ದರೆ ಅದನ್ನು ದೇವರ ಮಾತು ಎಂದುಕೊಳ್ಳಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆ ತೆಗೆದುಕೊಳ್ಳುತ್ತಲೇ ಜಪ ಮಾಡಬಹುದು. ಒಂದಕ್ಕೊಂದು ಅಡ್ಡಿಯಿಲ್ಲ.

ಎರಡನೆಯದು ದುಃಖ. ಮನೆಯಲ್ಲಿ ಸಾವಾಗಿದೆ, ಮಗಳ ಮದುವೆ ಮುರಿದಿದೆ, ಕೊಳೆ ರೋಗಕ್ಕೆ ಇಡೀ ವರ್ಷದ ಅಡಿಕೆ ಹೋಗಿದೆ. ಇಲ್ಲಿ ಬೇಕಾದ್ದು ಮಾರ್ಗದರ್ಶನ ಅಲ್ಲ, ಅಳುವುದಕ್ಕೆ ಸಮಯ ಮತ್ತು ಜೊತೆಗೆ ಜನ.

ಮೂರನೆಯದನ್ನು ಒಪ್ಪಿಕೊಳ್ಳುವುದು ಕಷ್ಟ. ಏನು ಮಾಡಬೇಕೆಂದು ನಮಗೆ ಚೆನ್ನಾಗಿ ಗೊತ್ತಿರುತ್ತದೆ, ಮಾಡಿರುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಗಡಿಯಲ್ಲಿ ಅಣ್ಣನ ಜಾಗ ಒತ್ತಿಕೊಂಡಿದ್ದೇವೆ. ಕೆಲಸದವರ ಕೂಲಿ ಬಾಕಿ ಇಟ್ಟಿದ್ದೇವೆ. ಅತ್ತೆಯ ಬಂಗಾರ ಅಡವಿಟ್ಟು ಹೇಳದೆ ಕೂತಿದ್ದೇವೆ. ಅದನ್ನು ಬದಿಗಿಟ್ಟು "ದೇವರೇ ದಾರಿ ತೋರಿಸು" ಎಂದರೆ ಅವನು ಏನು ಹೇಳಬೇಕು? ತೋರಿಸಿದ ದಾರಿ ಅಲ್ಲೇ ಇದೆಯಲ್ಲ. ಮೊದಲು ಅದನ್ನು ಸರಿಮಾಡಿ. ಒಳಗಿನ ಮೌನ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಈ ಮೂರೂ ಅಲ್ಲ ಎಂದಾದರೆ ಉಳಿಯುವುದು ಶುಷ್ಕತೆ. ಅದಕ್ಕೆ ಹೆದರಬೇಕಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕಕ್ಕೇ ಅಚ್ಚರಿಯಾಗಿತ್ತು. ಸುಮಾರು ಐವತ್ತು ವರ್ಷ ಅವರು ಒಳಗೆ ಬರೀ ಕತ್ತಲೆ, ಖಾಲಿತನ ಅನುಭವಿಸಿದ್ದರು. ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ಆರೈಕೆ ಮಾಡಿದ್ದೆಲ್ಲ ಆ ವರ್ಷಗಳಲ್ಲೇ. ದೇವರ ಸಾನ್ನಿಧ್ಯ ಅನುಭವಕ್ಕೆ ಬರದೆ ಇರುವುದು ಬೇರೆ, ದೇವರು ಕೈಬಿಡುವುದು ಬೇರೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

2. ದೊಡ್ಡ ನಿರ್ಧಾರಗಳನ್ನು ಮುಂದೂಡಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಂತ ಮೀನುಗಾರರು ಸುಮ್ಮನೆ ಕೂರುವುದಿಲ್ಲ. ಬಲೆ ಸರಿಮಾಡುತ್ತಾರೆ, ದೋಣಿಗೆ ಬಣ್ಣ ಹೊಡೆಯುತ್ತಾರೆ, ಎಂಜಿನ್ ಬಿಚ್ಚಿ ನೋಡುತ್ತಾರೆ. ಶುಷ್ಕತೆಯ ಕಾಲದಲ್ಲಿ ನಾವು ಇರಬೇಕಾದ್ದೂ ಹೀಗೆಯೇ. ಹೊಸ ಪ್ರಯಾಣ ಬೇಡ, ದಿನದ ಕೆಲಸ ನಿಲ್ಲಿಸುವುದೂ ಬೇಡ.

ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಇದಕ್ಕೆ ಒಂದು ನೇರ ನಿಯಮವನ್ನೇ ಕೊಟ್ಟರು. ಮನಸ್ಸು ಬರಡಾಗಿರುವಾಗ, ಮನಸ್ಸು ತಿಳಿಯಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ ಎಂದು. ಯಾವ ಧರ್ಮದವರಾದರೂ ಇದನ್ನು ಪಾಲಿಸಬಹುದು. ತೋಟ ಮಾರುವುದು, ಕೆಲಸ ಬಿಡುವುದು, ಮದುವೆ ಮುರಿಯುವುದು, ಸನ್ಯಾಸ, ಗುರುವನ್ನು ಬಿಡುವುದು, ಅಣ್ಣತಮ್ಮಂದಿರು ಪಾಲಾಗುವುದು, ಇವೆಲ್ಲ ಮನಸ್ಸು ಸ್ವಲ್ಪ ತಿಳಿಯಾಗುವವರೆಗೆ ಕಾಯಲಿ.

ಎಚ್ಚರಿಕೆ: ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮಕ್ಕಳಿಗೆ ಅಪಾಯವಿದ್ದರೆ, ಜೀವಕ್ಕೆ ಬೆದರಿಕೆ ಇದ್ದರೆ ಈ ನಿಯಮ ನಿಮಗಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಅದಕ್ಕೆ ಯಾವ ಪ್ರೇರಣೆಗೂ ಕಾಯಬೇಡಿ. "ದೇವರು ಸಹಿಸಿಕೋ ಅನ್ನುತ್ತಿದ್ದಾನೆ" ಎಂದು ಬೇರೆಯವರು ಹೇಳಿದರೆ ಕೇಳಬೇಡಿ.

ಬ್ಯಾಂಕಿನ ಗಡುವು, ಕಾಲೇಜು ಸೀಟಿನ ಕೊನೆಯ ದಿನ ಇಂಥವು ಕಾಯುವುದಿಲ್ಲ, ಅಲ್ವಾ? ಅಲ್ಲಿ ತಿಳಿದವರ ಸಲಹೆ ಪಡೆದು, ಮುಂದೆ ಬದಲಿಸಲು ಅವಕಾಶವಿರುವ ಆಯ್ಕೆಯನ್ನು ಆರಿಸಿ.

3. ಒಂದೇ ಒಂದು ಸಣ್ಣ ಸಾಧನೆ ಹಿಡಿದುಕೊಳ್ಳಿ

ಯೋಗದ ದಾರಿಯಲ್ಲಿ ಬರುವ ಅಡ್ಡಿಗಳನ್ನು ಪತಂಜಲಿ ಅಂತರಾಯ ಎಂದು ಕರೆದು ಒಂಬತ್ತನ್ನು ಹೆಸರಿಸುತ್ತಾರೆ. ಕಾಯಿಲೆ, ಜಡತನ, ಸಂಶಯ, ಅಜಾಗ್ರತೆ, ಸೋಮಾರಿತನ, ವಿಷಯಗಳ ಆಸೆ, ಇಲ್ಲದ್ದನ್ನು ಕಂಡಂತೆ ಭ್ರಮಿಸುವುದು, ಮುಂದಿನ ಮೆಟ್ಟಿಲು ಸಿಗದಿರುವುದು, ಸಿಕ್ಕರೂ ಅಲ್ಲಿ ನಿಲ್ಲಲಾಗದಿರುವುದು. ನಿಮ್ಮ ಸ್ಥಿತಿ ಇದರಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಅಂದರೆ ಇದು ನಿಮಗೊಬ್ಬರಿಗೇ ಬಂದ ಶಾಪ ಅಲ್ಲ, ಹಿಂದಿನವರಿಗೂ ಗೊತ್ತಿದ್ದ ಸಂಗತಿ. ಇವುಗಳಿಗೆ ಅವರು ಹೇಳುವ ಪರಿಹಾರ ಒಂದೇ ತತ್ತ್ವವನ್ನು ಹಿಡಿದು ಅಭ್ಯಾಸ ಮಾಡುವುದು.

ಹಾಗಾಗಿ ಒಂದು ನಾಮ, ಅಥವಾ ಒಂದು ಪ್ರಾರ್ಥನೆ. ದಿನಾ ಒಂದೇ ಹೊತ್ತು, ಒಂದೇ ಜಾಗ. ಹತ್ತು ನಿಮಿಷ ಸಾಕು. ಮನಸ್ಸು ತುಂಬಿ ಬಂದರೂ ಹತ್ತೇ, ಬೇಜಾರಾದರೂ ಹತ್ತೇ.

ಜನ ಎಡವುವುದು ಇಲ್ಲಿ. ದೇವರು ಸುಮ್ಮನಾದ ಎಂದು ಗಾಬರಿಯಾಗಿ ಪೂಜೆಗಳನ್ನು ಹೆಚ್ಚಿಸುತ್ತ ಹೋಗುತ್ತಾರೆ. ವಾರಕ್ಕೊಂದು ಉಪವಾಸ, ಮೇಲೊಂದು ಹರಕೆ, ಆಮೇಲೆ ಸಾಲ ಮಾಡಿ ಹೋಮ. ಸ್ವಲ್ಪ ದಿನಕ್ಕೆ ದೇಹ ಸೋಲುತ್ತದೆ, ಎಲ್ಲವೂ ಒಟ್ಟಿಗೇ ನಿಲ್ಲುತ್ತದೆ, ಮೇಲಿಂದ ತಪ್ಪು ಮಾಡಿದೆ ಎಂಬ ಭಯ ಬೇರೆ. ಹೊಸ ಹರಕೆ ಹೊರಬೇಡಿ. ಹಳೆಯದು ಬಾಕಿಯಿದ್ದರೆ ಅನುಕೂಲ ಆದಾಗ ತೀರಿಸಿದರಾಯಿತು.

4. ಪ್ರಶ್ನೆಯನ್ನು ಚಿಕ್ಕದು ಮಾಡಿ

"ನನ್ನ ಬದುಕಿನ ಉದ್ದೇಶ ಏನು?" ಎಂಬ ಪ್ರಶ್ನೆ ಈಗ ಬೇಡ. ಇವತ್ತು ಅಥವಾ ಈ ವಾರ ಮಾಡಬಹುದಾದ ಕೆಲಸದ ಅಳತೆಗೆ ಪ್ರಶ್ನೆಯನ್ನು ಇಳಿಸಿ. "ತೋಟ ಮಾರಲೋ?" ಎನ್ನುವ ಬದಲು "ಈ ವಿಷಯವನ್ನು ತಮ್ಮನ ಹತ್ತಿರ ಈ ವಾರ ಮಾತಾಡಲೋ?" ಎಂದು ಕೇಳಿ. "ಗೋವಾದ ಕೆಲಸಕ್ಕೆ ಹೋಗಲೋ?" ಎನ್ನುವ ಬದಲು "ಅಲ್ಲಿ ಕೆಲಸ ಮಾಡುತ್ತಿರುವವರನ್ನು ಒಮ್ಮೆ ನೋಡಿ ಬರಲೋ?" ಎಂದು ಕೇಳಿ.

ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. ಕೆಳಗೆ, ಯಾವ ಉತ್ತರ ಬರಲಿ ಎಂದು ನಿಮಗೆ ಆಸೆ ಇದೆಯೋ ಅದನ್ನೂ ಬರೆಯಿರಿ. ಇದು ಮುಖ್ಯ. ಆಸೆಯನ್ನು ಮುಚ್ಚಿಟ್ಟರೆ ಅದೇ ಆಮೇಲೆ ದೇವರ ದನಿಯ ವೇಷ ಹಾಕಿಕೊಂಡು ಬರುತ್ತದೆ. ಬರೆದಿಟ್ಟರೆ ಗುರುತು ಹಿಡಿಯಬಹುದು.

ಅರ್ಜುನ ಕುಸಿದು ಕೂತಾಗ ಮೊದಲು ಬಹಳ ವಾದ ಮಾಡಿದ. ಉತ್ತರ ಶುರುವಾದದ್ದು ಅವನು ವಾದ ನಿಲ್ಲಿಸಿ, ನನಗೆ ಗೊತ್ತಾಗುತ್ತಿಲ್ಲ, ನಾನು ನಿನ್ನ ಶಿಷ್ಯ, ಹೇಳು ಎಂದ ಮೇಲೆ. ಎಲ್ಲ ಹೇಳಿ ಮುಗಿಸಿದ ಕೃಷ್ಣ ಕೊನೆಗೆ ಅಪ್ಪಣೆ ಕೊಡಲಿಲ್ಲ. ಪೂರ್ತಿ ಯೋಚಿಸಿ, ನಿನಗೆ ತೋರಿದಂತೆ ಮಾಡು ಎಂದ. ನಿಮ್ಮ ಬುದ್ಧಿಯನ್ನು ಹೊರಗಿಟ್ಟು ಬಾ ಎಂದು ದೇವರು ಕೇಳುವುದಿಲ್ಲ.

5. ಕೂತು ಕೇಳಿ, ಬರೆದಿಡಿ

ಬೆಳಿಗ್ಗೆ ಮನೆಯ ಗದ್ದಲ ಶುರುವಾಗುವ ಮುಂಚೆ, ಇಲ್ಲವೇ ರಾತ್ರಿ ಎಲ್ಲ ಮುಗಿದ ಮೇಲೆ. ಫೋನ್ ಬೇರೆ ಕೋಣೆಯಲ್ಲಿರಲಿ. ಜಗುಲಿ ಸಾಕು, ಗೋಕರ್ಣದವರೆಗೆ ಹೋಗಬೇಕೆಂದಿಲ್ಲ. ಹತ್ತು ನಿಮಿಷದ ಜಪ ಮುಗಿದ ಮೇಲೆ ಬರೆದಿಟ್ಟ ಪ್ರಶ್ನೆಯನ್ನು ಒಂದು ಸಲ ಓದಿ. ಮತ್ತೆ ಮತ್ತೆ ಕೇಳಬೇಡಿ. ಇನ್ನು ಹತ್ತು ನಿಮಿಷ ಸುಮ್ನೆ ಕೂತಿರಿ.

ಮೊದಲು ಬರುವುದೆಲ್ಲ ಗೊಂದಲವೇ. ಕರೆಂಟ್ ಬಿಲ್ಲು, ನಿನ್ನೆಯ ಜಗಳ, ಯಾರೋ ಆಡಿದ ಮಾತು. ಬರಲಿ. ಓಡಿಸಬೇಡಿ, ಹಿಂದೆಯೂ ಹೋಗಬೇಡಿ. ಏಳುವ ಮುಂಚೆ ಏನು ಹೊಳೆಯಿತೋ ಎರಡು ಸಾಲು ಬರೆಯಿರಿ. ಏನೂ ಇಲ್ಲದಿದ್ದರೆ "ಏನೂ ಇಲ್ಲ" ಎಂದು ಬರೆಯಿರಿ, ಅದಕ್ಕೂ ಬೆಲೆ ಇದೆ. ಸೂಚನೆ ಕೂತಾಗಲೇ ಬರಬೇಕೆಂದೂ ಇಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ತೋಟದಲ್ಲಿ ಸೋಗೆ ಎತ್ತುವಾಗ ಥಟ್ಟನೆ ಬರಬಹುದು. ಆಗಲೂ ತಾರೀಖು ಹಾಕಿ ಬರೆದುಕೊಳ್ಳಿ.

6. ಬಂದದ್ದನ್ನು ಪರೀಕ್ಷೆ ಮಾಡಿ

ಒಳಗಿನಿಂದ ಬಂದದ್ದೆಲ್ಲ ದೇವರಿಂದ ಬಂದದ್ದಲ್ಲ. ಭಯವೂ ಒಳಗೇ ಇದೆ, ಆಸೆಯೂ ಒಳಗೇ ಇದೆ, ಅಪ್ಪ ಚಿಕ್ಕಂದಿನಲ್ಲಿ ಬೈದ ಬೈಗುಳವೂ ಒಳಗೇ ಇದೆ. ಹೇಗೆ ಬೇರೆ ಮಾಡುವುದು?

ಒಂದು, ಆಮೇಲೆ ಏನು ಉಳಿಯಿತು ನೋಡಿ. ಮೇಲೆ ಹೇಳಿದ ಇಗ್ನೇಷಿಯಸ್ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು, ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ. ಹೊತ್ತು ಹೋಗಲು ಎರಡು ಥರದ ಕನಸು ಕಾಣುತ್ತಿದ್ದ. ವೀರನಾಗಿ ಮೆರೆದು ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವುದು ಒಂದು, ಸಂತರ ಹಾಗೆ ಬಡವನಾಗಿ ಬದುಕುವುದು ಇನ್ನೊಂದು. ಕಾಣುವಾಗ ಎರಡೂ ಖುಷಿ ಕೊಡುತ್ತಿದ್ದವು. ಮುಗಿದ ಮೇಲೆ ಮೊದಲನೆಯದು ಒಣಗಿಸಿಬಿಡುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಅವರ ಮುಂದಿನ ಬೋಧನೆಯೆಲ್ಲ ಬೆಳೆದದ್ದು ಈ ಗಮನಿಕೆಯಿಂದ. ಮೊದಲು ವಿಷದಂತಿದ್ದು ಕೊನೆಗೆ ಅಮೃತವಾಗುವ ಸುಖವೇ ಸಾತ್ವಿಕ ಎಂದು ಗೀತೆ ಹೇಳುವುದೂ ಇದನ್ನೇ ಅಲ್ವಾ? ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದ ಸೂಚನೆಯನ್ನು ಮೂರು ದಿನ ಬಿಟ್ಟು ಓದಿ. ಆಗಲೂ ಮನಸ್ಸು ಹಗುರವಾಗುತ್ತದೆಯೋ, ಕುಗ್ಗುತ್ತದೆಯೋ ಬರೆಯಿರಿ.

ಎರಡು, ಆತುರ ಇದೆಯೇ ನೋಡಿ. ಭಯ ಯಾವಾಗಲೂ "ಈಗಲೇ ಮಾಡು, ಯಾರಿಗೂ ಹೇಳಬೇಡ" ಅನ್ನುತ್ತದೆ. ನಿಜವಾದ ಪ್ರೇರಣೆ ನಾಳೆಯೂ ಇರುತ್ತದೆ, ಬೇರೆಯವರಿಗೆ ಹೇಳಿದರೂ ಕರಗುವುದಿಲ್ಲ.

ಮೂರು, ಅದರ ಬೆಲೆ ಯಾರು ತೆರುತ್ತಾರೆ ನೋಡಿ. "ದೇವರು ಹೇಳಿದ" ಎಂದು ನೀವು ಹೊರಡುವ ದಾರಿಯಲ್ಲಿ ಕಷ್ಟವೆಲ್ಲ ಹೆಂಡತಿಗೆ, ವಯಸ್ಸಾದ ತಾಯಿಗೆ, ಕೂಲಿಯವರಿಗೆ ಬಂದು ಮಹಿಮೆ ಮಾತ್ರ ನಿಮಗೆ ಬರುತ್ತದೆ ಎಂದಾದರೆ ಅದನ್ನು ನಂಬಬೇಡಿ. ಸುಳ್ಳು, ಹಿಂಸೆ, ಮೋಸ ಬೇಡುವ ಸೂಚನೆಯನ್ನಂತೂ ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ.

ಒಳಗಿನ ದನಿ ಎಂದರೆ ಗಾಂಧೀಜಿಯ ಹೆಸರು ಬಂದೇ ಬರುತ್ತದೆ. 1933ರ ಮೇ 8ರಂದು ಅವರು 21 ದಿನಗಳ ಉಪವಾಸ ಶುರು ಮಾಡಿದ್ದು ಒಳಗಿನ ದನಿ ಕೇಳಿ ಎಂದು ಅವರೇ ಬರೆದಿದ್ದಾರೆ. ಆ ದನಿ ಬರುವ ಮುಂಚೆ ಒಳಗೆ ದೊಡ್ಡ ಹೋರಾಟ ನಡೆದಿತ್ತು, ಬಂದ ಮೇಲೆ ಹೋರಾಟ ನಿಂತು ಶಾಂತಿಯಾಯಿತು ಎನ್ನುತ್ತಾರೆ. ಆದರೆ ಅವರ ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ. ಸತ್ಯ, ಅಹಿಂಸೆಯಂಥ ವ್ರತಗಳ ಶಿಸ್ತು ಇಲ್ಲದವರು ಒಳಗಿನ ದನಿಯ ಹೆಸರು ಹೇಳಬಾರದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಅವರು ಉಪವಾಸ ಮಾಡಿದ್ದು ತಮ್ಮ ದೇಹವನ್ನು ಪಣಕ್ಕಿಟ್ಟು, ಬೇರೆಯವರದ್ದನ್ನಲ್ಲ. ಮರುವರ್ಷ, 1934ರಲ್ಲಿ, ಅಸ್ಪೃಶ್ಯತೆಯ ವಿರುದ್ಧದ ಹರಿಜನ ಯಾತ್ರೆಯಲ್ಲಿ ಶಿರಸಿಗೂ ಬಂದರು. ಮಾರಿಕಾಂಬೆಗೆ ಕೋಣ ಬಲಿ ಕೊಡುವುದು ನಿಂತದ್ದು ಆ ಕಾಲದಲ್ಲೇ. ಎಷ್ಟೋ ತಲೆಮಾರು ದೇವಿಯ ಇಚ್ಛೆ ಎಂದು ನಂಬಿದ್ದನ್ನು ಊರಿನವರು ತಮ್ಮ ಮನಸ್ಸಾಕ್ಷಿಯ ಮುಂದಿಟ್ಟು ನೋಡಿದರು. ಬಲಿ ನಿಂತಿತು, ದೇವಿಯ ಮೇಲಿನ ಭಕ್ತಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಪರೀಕ್ಷೆ ಮಾಡಿದರೆ ನಂಬಿಕೆ ಹಾಳಾಗುತ್ತದೆ ಎಂದು ಹೆದರುವವರು ಇದನ್ನು ನೆನಪಿಡಬೇಕು.

7. ಒಬ್ಬರ ಹತ್ತಿರ ಹೇಳಿ

ನಿಮ್ಮ ನಿರ್ಧಾರದಿಂದ ಲಾಭವೋ ನಷ್ಟವೋ ಇಲ್ಲದ ಹಿರಿಯರೊಬ್ಬರನ್ನು ಆರಿಸಿ. ಮಠದ ಗುರುಗಳಾಗಬಹುದು, ಚರ್ಚಿನ ಫಾದರ್ ಆಗಬಹುದು, ಸೋದರಮಾವ, ಹಳೆಯ ಮೇಷ್ಟ್ರು ಯಾರೂ ಆಗಬಹುದು. ಬರೆದದ್ದನ್ನು ಓದಿ ಹೇಳಿ. ಜಾಸ್ತಿ ಮಾತಾಡುವವರಿಗಿಂತ ಪ್ರಶ್ನೆ ಕೇಳುವವರು ಒಳ್ಳೆಯವರು. "ನಾನು ಹೇಳಿದ ಹಾಗೆ ಮಾಡು, ಇಲ್ಲದಿದ್ದರೆ ಕೆಟ್ಟದಾಗುತ್ತದೆ" ಅನ್ನುವವರಿಂದ ಎದ್ದು ಬನ್ನಿ, ಎಷ್ಟೇ ದೊಡ್ಡವರಿರಲಿ.

ಪ್ರಸಾದ ಕೇಳಬಹುದೇ, ಅಂದರೆ ಗುಡಿಯಲ್ಲಿ ದೇವರ ಒಪ್ಪಿಗೆಯ ಸೂಚನೆ ಕೇಳಬಹುದೇ ಎಂದು ಬಹಳ ಜನ ಕೇಳುತ್ತಾರೆ. ಇಡಗುಂಜಿ ಗಣಪತಿಯ ಮುಂದೆ ಮದುವೆಗೆ ಒಪ್ಪಿಗೆ ಕೇಳುವ ರೂಢಿ ಕೆಲವು ಸಮುದಾಯಗಳಲ್ಲಿದೆ. ಕರಾವಳಿಯ ಎಷ್ಟೋ ಗುಡಿಗಳಲ್ಲಿ ವಿಗ್ರಹದ ಮೇಲಿಟ್ಟ ಹೂವು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡುತ್ತಾರೆ. ಕೇಳಿ, ನನಗೇನೂ ಅಭ್ಯಂತರವಿಲ್ಲ. ಆದರೆ ಆರನೆಯ ಹಂತ ಮುಗಿದ ಮೇಲೆ ಕೇಳಿ, ಒಂದೇ ಸಲ ಕೇಳಿ. ಬೇಕಾದ ಉತ್ತರ ಬರುವವರೆಗೆ ಗುಡಿಯಿಂದ ಗುಡಿಗೆ ಹೋಗುವುದು ದೇವರನ್ನು ಕೇಳಿದಂತೆ ಅಲ್ಲ. ಹೂವು ಬಲಕ್ಕೆ ಬಿದ್ದಾಗ ನಿಮ್ಮ ಮನಸ್ಸಿಗೆ ಸಮಾಧಾನವಾಯಿತೋ, ಕಸಿವಿಸಿಯಾಯಿತೋ ಅದನ್ನೂ ಗಮನಿಸಿ, ಬರೆದಿಡಿ. ಅಂತರ್ಯಾಮಿ ಮಾತಾಡುವುದು ಕೆಲವು ಸಲ ಅಲ್ಲಿ. ಕಾಯಿಲೆ, ಆಪರೇಷನ್, ಔಷಧದ ವಿಷಯದಲ್ಲಿ ಮಾತ್ರ ಪ್ರಸಾದ ಕೇಳಬೇಡಿ, ಡಾಕ್ಟರನ್ನು ಕೇಳಿ.

8. ಸಣ್ಣದಾಗಿ ಮಾಡಿ ನೋಡಿ

ಉಳಿದದ್ದು ಸುಲಭ. ಪರೀಕ್ಷೆ ದಾಟಿದ ಸೂಚನೆಯ ಒಂದು ಸಣ್ಣ ತುಂಡನ್ನು ಈ ವಾರ ಮಾಡಿ. ಫೋನ್ ಮಾಡುವುದಿದ್ದರೆ ಮಾಡಿ, ಕ್ಷಮೆ ಕೇಳುವುದಿದ್ದರೆ ಕೇಳಿ. ಪೂರ್ತಿ ಧೈರ್ಯ ಬರಲಿ ಎಂದು ಕಾಯಬೇಡಿ. ಮಾಡಿದ ಮೇಲೆ ಏನಾಯಿತು ಬರೆದು, ಮುಂದಿನ ಚಿಕ್ಕ ಪ್ರಶ್ನೆಗೆ ಹೋಗಿ. ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದು, ಸಣ್ಣದಾಗಿ ಮಾಡುವುದರ ಅನುಕೂಲವೇ ಅದು.

ತಿಂಗಳಾದರೂ "ಏನೂ ಇಲ್ಲ" ಎಂದೇ ಬರೆಯುತ್ತಿದ್ದರೆ ಮೊದಲನೆಯ ಹಂತಕ್ಕೆ ವಾಪಸ್ ಬನ್ನಿ. ಅಲ್ಲಿ ಏನೋ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲೂ ಏನಿಲ್ಲವಾದರೆ ಮೂರನೆಯ ಹಂತ ಮಾತ್ರ ಮುಂದುವರಿಸಿ, ಉಳಿದದ್ದನ್ನು ಸ್ವಲ್ಪ ಕಾಲ ಬಿಡಿ. ಕಣ್ಣ ಮುಂದಿರುವ ಕೆಲಸ, ಕಣ್ಣ ಮುಂದಿರುವ ಮನುಷ್ಯರು, ಇಷ್ಟನ್ನು ಸರಿಯಾಗಿ ನೋಡಿಕೊಳ್ಳುವುದೂ ದೇವರು ಹೇಳಿದ ಕೆಲಸವೇ.

ಮನೆಯಲ್ಲಿ ಇನ್ನೊಬ್ಬರು ಈ ಸ್ಥಿತಿಯಲ್ಲಿದ್ದರೆ

ಅವರಿಗೆ ಈ ಹಂತಗಳನ್ನು ಓದಿ ಹೇಳಬೇಡಿ. "ದೇವರ ಮೇಲೆ ಭಾರ ಹಾಕು" ಎಂದೂ ಹೇಳಬೇಡಿ, ಅವರು ಆಗಲೇ ಹಾಕಿ ಸೋತಿರುತ್ತಾರೆ. ಸಂಜೆ ಪ್ರಾರ್ಥನೆಗೆ ಅವರ ಪಕ್ಕ ಕೂತುಕೊಳ್ಳಿ. ಅವರಿಗೆ ಬಾಯಿ ಬಾರದಿದ್ದರೆ ನೀವೇ ಹೇಳಿ, ಅವರು ಕೇಳಲಿ. ಊಟ, ನಿದ್ದೆ ಹೇಗಿದೆ ಗಮನಿಸಿ. ಎರಡು ವಾರದ ಲೆಕ್ಕ ನೆನಪಿರಲಿ. ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದರೆ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.